ಹನ್ನೆರಡು ವಾಕ್ಯಗಳ ಕಥೆ

ಆರು ವರ್ಷದಿಂದ ಮೇಷ್ಟ್ರಿಗೆ ಒಂದೇ ಕೆಲಸ. ಬೈಬಲ್ಲಿನ ಹೊಸ ಅನುವಾದವೊಂದು ಸಿದ್ಧವಾಗುತ್ತಿತ್ತು. ಹಳೆಯ ಗ್ರೀಕ್ ಹಸ್ತಪ್ರತಿಗಳ ಫೋಟೋಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಯಾವುದರಲ್ಲಿ ಯಾವ ಮಾತಿದೆ, ಯಾವುದರಲ್ಲಿ ಇಲ್ಲ ಎಂದು ನೋಡಿ ಅಡಿಟಿಪ್ಪಣಿ ಬರೆಯುವುದು ಅವರ ಪಾಲಿಗೆ ಬಂದಿತ್ತು. ಒಂದಕ್ಷರಕ್ಕಾಗಿ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವ ಮನುಷ್ಯ. "ನಮ್ಮವನು ಸೊನ್ನೆಗೂ ಸಾಕ್ಷಿ ಕೇಳ್ತಾನೆ" ಎಂದು ಅಕ್ಕ ನಗುತ್ತಿದ್ದಳು.

ಅವರನ್ನು ಓದಿಸಿದವಳು ಆ ಅಕ್ಕನೇ. ತಾಯಿ ತೀರಿಕೊಂಡಾಗ ಅವಳಿಗೆ ಹದಿನೇಳು, ಇವರಿಗೆ ಒಂಬತ್ತು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿ ಮಾಡಿ ಅವಳ ಬಲಗೈ ಹೆಬ್ಬೆರಳು ಬಾಗಿಹೋಗಿತ್ತು. ಮದುವೆಯಾಗದೆ ಮಗಳನ್ನು ಹೆತ್ತಾಗ ಚರ್ಚಿನಲ್ಲಿ ಅವಳ ಬೆಂಚಿಗೆ ಯಾರೂ ಬರಲಿಲ್ಲ. ನಾಲಿಗೆಗೆ ಎಲುಬಿಲ್ಲ ಅನ್ನುವ ಹಾಗೆ ಆಡಿಕೊಂಡರು. ಆಗ ಮುದಿ ಪಾದ್ರಿಯೊಬ್ಬರು ಮನೆಗೇ ಬಂದು, ಯೋಹಾನನ ಸುವಾರ್ತೆ ತೆರೆದು ಒಂದು ಕಥೆ ಓದಿದರು. ದಾರಿ ತಪ್ಪಿದಳೆಂದು ಹೆಂಗಸೊಬ್ಬಳನ್ನು ಎಳೆದುತಂದು ಕಲ್ಲೆಸೆಯಲು ನಿಂತ ಜನ, ಪಾಪ ಮಾಡದವನು ಮೊದಲ ಕಲ್ಲೆಸೆಯಲಿ ಎಂದು ಯೇಸು ಆಡಿದ ಒಂದೇ ಮಾತಿಗೆ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದ ಕಥೆ. ಮುಂದಿನ ಭಾನುವಾರ ಅಕ್ಕ ಕೂಸನ್ನು ಎದೆಗವಚಿಕೊಂಡು ಹೋಗಿ ಮೊದಲ ಬೆಂಚಿನಲ್ಲೇ ಕೂತಳು. ಮೂವತ್ತೆಂಟು ವರ್ಷ ಆ ಜಾಗ ಬಿಡಲಿಲ್ಲ.

ಒಂದು ಮಧ್ಯಾಹ್ನ ಹೊಸ ಕನ್ನಡಕ ತರಲು ಪೇಟೆಗೆ ಬಂದವಳು ತಮ್ಮನ ಕೆಲಸದ ಕೋಣೆಗೂ ಬಂದಳು. ಮೇಜಿನ ಮೇಲೆ ಯೋಹಾನನ ಸುವಾರ್ತೆಯ ಅಚ್ಚಿನ ಕರಡು ಹರಡಿತ್ತು. ಕನ್ನಡಕ ಪರೀಕ್ಷಿಸುವವಳ ಹಾಗೆ ಬಗ್ಗಿ ಓದಿದಳು.

"ಇದೇನೋ ಪುಟ್ಟ, ನನ್ನ ಕಥೆಗೆ ಬೇಲಿ ಹಾಕಿದ್ದೀಯ?"

"ಬೇಲಿ ಅಲ್ಲಕ್ಕ, ಕಂಸ. ತೀರಾ ಹಳೆಯ ಪ್ರತಿಗಳಲ್ಲಿ ಈ ಹನ್ನೆರಡು ವಾಕ್ಯ ಇಲ್ಲ. ಆಮೇಲೆ ಯಾರೋ ಸೇರಿಸಿದ್ದು."

"ಸೇರಿಸಿದ್ದು ಅಂದ್ರೆ? ನಡೆದೇ ಇಲ್ವಾ?"

ಬೆಳಗಿನಿಂದ ಮುದ್ರಣಾಲಯದವರು ಎರಡು ಸಲ ಫೋನ್ ಮಾಡಿದ್ದರು. ಮೇಷ್ಟ್ರು ತಲೆ ಎತ್ತದೆ, "ನಡೆದಿದ್ದಕ್ಕೆ ಆಧಾರ ಇಲ್ಲ" ಅಂದುಬಿಟ್ಟರು.

ಅಕ್ಕ ಕನ್ನಡಕ ತೆಗೆದು ಡಬ್ಬಿಗೆ ಹಾಕಿದಳು. "ಸರಿಯಪ್ಪ, ಓದಿದವನು ನೀನು" ಎಂದು ಹೊರಟಳು.

ಎರಡು ತಿಂಗಳಾದ ಮೇಲೆ ಅಕ್ಕನ ಮಗಳು ಫೋನ್ ಮಾಡಿದಳು. "ಮಾವ, ಅಮ್ಮ ಈಗ ಕೊನೇ ಬೆಂಚಲ್ಲಿ ಕೂರ್ತಾಳೆ. ಯಾಕೆ ಅಂತ ಕೇಳಿದ್ರೆ ಮುಂದೆ ಸೆಕೆ ಅಂತಾಳೆ. ನೀವೇನಾದ್ರೂ ಅಂದ್ರಾ?"

ಮೇಷ್ಟ್ರಿಗೆ ಆ ಮಧ್ಯಾಹ್ನ ನೆನಪಾಯಿತು. ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ. ಉಳಿದರ್ಧವನ್ನು ಅವಸರದಲ್ಲಿ ನುಂಗಿಬಿಟ್ಟಿದ್ದರು. ಆದರೂ ಆವತ್ತೇ ಎದ್ದು ಹೋಗಲಿಲ್ಲ. ಕೊನೆಯ ಕರಡು ಬಾಕಿಯಿತ್ತು. ಇವತ್ತು ನಾಳೆ ಎನ್ನುತ್ತ ಮೂರು ವಾರ ಕಳೆಯಿತು.

ಹೋದಾಗ ಅಕ್ಕ ಒಗೆದ ಹೊದಿಕೆ ಮಡಚುತ್ತಿದ್ದಳು. ಮೇಷ್ಟ್ರು ಇನ್ನೊಂದು ತುದಿ ಹಿಡಿದುಕೊಂಡೇ ಮಾತು ತೆಗೆದರು.

"ಅಕ್ಕ, ಆವತ್ತು ನಾನು ಪೂರ್ತಿ ಹೇಳಲಿಲ್ಲ. ಆ ಕಥೆ ಯಾರೋ ಹುಟ್ಟಿಸಿದ್ದು ಅಂತಲ್ಲ. ಪುಸ್ತಕಕ್ಕೆ ಸೇರೋ ಮೊದಲೇ ಬಾಯಿಂದ ಬಾಯಿಗೆ ಬಂದಿರಬೇಕು ಅಂತ ಬಹಳ ಜನ ವಿದ್ವಾಂಸರು ಹೇಳ್ತಾರೆ. ಒಂದು ಪ್ರತಿಯಲ್ಲಿ ಇಲ್ಲಿ, ಇನ್ನೊಂದರಲ್ಲಿ ಕೊನೆಗೆ, ಕೆಲವು ಪ್ರತಿಗಳಲ್ಲಿ ಬೇರೆ ಸುವಾರ್ತೆಯಲ್ಲೇ ಇದೆ. ಎಲ್ಲಿಡಬೇಕು ಅಂತ ಗೊತ್ತಾಗದಿದ್ರೂ ನಕಲು ಬರೆಯೋರಿಗೆ ಅದನ್ನ ಬಿಡೋಕೆ ಮನಸ್ಸಾಗಲಿಲ್ಲ."

ಅಕ್ಕ ಹೊದಿಕೆಯ ಸುಕ್ಕನ್ನು ಅಂಗೈಯಲ್ಲಿ ತೀಡಿದಳು.

"ಇದನ್ನ ಆವತ್ತೇ ಹೇಳಿದ್ರೆ ನಂಬ್ತಿದ್ದೆ ಕಣೋ. ಈಗ ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ."

"ಇಲ್ಲಕ್ಕ, ನಿಜವಾಗ್ಲೂ..."

"ಇರಲಿ ಬಿಡು. ನೀನು ಒಳ್ಳೆ ಮನಸ್ಸಿಂದಲೇ ಬಂದಿದ್ದೀಯ. ಚಹಾ ಕುಡೀತೀಯಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮೇಷ್ಟ್ರು ವಾದವನ್ನಾದರೂ ಮಾಡಬಹುದಿತ್ತು.

ಪುಸ್ತಕ ಅಚ್ಚಾಯಿತು. ಮುದ್ರಣಾಲಯದವರ ಕಾಲು ಹಿಡಿದು ಆ ಕಥೆಯ ಅಡಿಟಿಪ್ಪಣಿಗೆ ಇನ್ನೆರಡು ಸಾಲು ಸೇರಿಸಿದ್ದರು. ಮೊದಲ ಪ್ರತಿಯನ್ನು ಅಕ್ಕನಿಗೇ ಕೊಟ್ಟರು. ಅವಳು ಕಣ್ಣಿಗೊತ್ತಿಕೊಂಡು ಕಪಾಟಿನಲ್ಲಿಟ್ಟಳು, ತೆರೆದು ನೋಡಲಿಲ್ಲ.

ಮೊದಲೆಲ್ಲ ಮೇಷ್ಟ್ರು ಹೋದಾಗಲೆಲ್ಲ ಬೈಬಲ್ಲಿನ ಆ ಹೆಸರಿನ ಅರ್ಥವೇನು, ಈ ಊರು ಎಲ್ಲಿತ್ತು ಎಂದು ಅಕ್ಕ ಕೆದಕಿ ಕೆದಕಿ ಕೇಳುತ್ತಿದ್ದಳು. ಈಗ ನಿನ್ನ ಮಂಡಿನೋವು ಹೇಗಿದೆ ಎಂದು ಕೇಳುತ್ತಾಳೆ. ಪರವಾಗಿಲ್ಲ ಅನ್ನುತ್ತಾರೆ ಮೇಷ್ಟ್ರು.