ಹಿಂದಿರುಗಿ ನೋಡದ ನೀರುಗಂಟಿ

ಯಲಹಂಕದಿಂದಾಚೆ ನಮ್ಮ ದೊಡ್ಡಮ್ಮನ ಕೆರೆ ಇದೆ. ಸರ್ಕಾರದ ಕಾಗದದಲ್ಲಿ ಅದರ ವಿಸ್ತೀರ್ಣ ಮೂವತ್ತಾರು ಎಕರೆ. ಅಳೆಯಲು ಬಂದವರು ನೀರನ್ನು ಮಾತ್ರ ಅಳೆದರು, ಅದರೊಳಗೆ ಬಿದ್ದಿರುವ ಆಕಾಶವನ್ನು ಬಿಟ್ಟುಹೋದರು. ಅದನ್ನೂ ಸೇರಿಸಿದರೆ ಮುನ್ನೂರ ಅರವತ್ತು ಎಕರೆಗೆ ಒಂದು ಗುಂಟೆಯೂ ಕಡಿಮೆಯಾಗುವುದಿಲ್ಲ. ವಾಯುಪಡೆಯ ವಿಮಾನಗಳು ನಮ್ಮ ಕೆರೆಯ ಮೇಲೆ ಬಂದಾಗ ಒಂದು ಪಕ್ಕಕ್ಕೆ ವಾಲುತ್ತವಲ್ಲ, ಅದು ಮುಖ ನೋಡಿಕೊಳ್ಳುವುದಕ್ಕೆ.

ಈ ಕೆರೆಗೆ ನಾನು ನೀರುಗಂಟಿ. ತೂಬು ಎತ್ತಿ ಗದ್ದೆಗದ್ದೆಗೂ ನೀರು ಹಂಚುವ ಕೆಲಸ ನಮ್ಮ ಮನೆತನದ್ದು. ಹೆಸರು ಲಕ್ಕಣ್ಣ. ನಮ್ಮ ತಾತನ ಮೀಸೆಯಲ್ಲಿ ಎರಡು ಗೀಜಗ ಗೂಡು ಕಟ್ಟಿದ್ದವು. ಮರಿಗಳು ಬಿದ್ದಾವೆಂದು ಅವನು ಮೂರು ತಿಂಗಳು ನಗಲೇ ಇಲ್ಲ. ನಾನು ಅಂಥವನ ಮೊಮ್ಮಗ. ನಿಜವನ್ನೂ ಹೇಳಿಬಿಡುತ್ತೇನೆ, ವರ್ಷಕ್ಕೊಂದು ಸಲ ಹೇಳುವ ಅಭ್ಯಾಸವಿದೆ: ಹದಿನೆಂಟು ವರ್ಷದಿಂದ ಕೆರೆ ತುಂಬಿರಲಿಲ್ಲ. ಅದಕ್ಕೂ ಮೊದಲು ಎತ್ತುತ್ತಿದ್ದವನು ಅಪ್ಪ, ತೂಬಿನ ಗೇಟನ್ನು ನಾನು ಒಮ್ಮೆಯೂ ಎತ್ತಿರಲಿಲ್ಲ. ಎತ್ತಿದ ಕತೆಗಳನ್ನು ಮಾತ್ರ ಎಲ್ಲರಿಗೂ ಹೇಳಿದ್ದೆ.

ಈ ವರ್ಷ ತುಂಬಿತು. ಕೋಡಿ ಹರಿದ ದಿನ ಇಡೀ ಊರು ತೇಲಿದ ಹಾಗಿತ್ತು. ಏರಿಯ ಮೇಲೆ ನಿಂತರೆ ಮೋಡ ಕಾಲ ಕೆಳಗಿತ್ತು, ಎದುರಿನ ಅಪಾರ್ಟ್‌ಮೆಂಟು ತಲೆಕೆಳಗಾಗಿ ನೀರಿನಲ್ಲಿ ನಿದ್ದೆ ಮಾಡುತ್ತಿತ್ತು.

ಆ ಅಪಾರ್ಟ್‌ಮೆಂಟಿನಲ್ಲಿರುವವರು ದಾಕ್ಷಾಯಣಿ ಮೇಡಂ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಈಗ ಕೆರೆ ಸಂಘದ ಅಧ್ಯಕ್ಷೆ. ಒಂದು ಬೆಳಿಗ್ಗೆ ಅವರು ಏರಿಯ ಮೇಲೆ ಬಂದರು. ಹಿಂದೆಯೇ ವೆಲ್ಡಿಂಗ್ ಉಜೈರ್, ಗೂಡ್ಸ್ ಆಟೋದಲ್ಲಿ ತನ್ನ ಮೆಷಿನ್ ಹೇರಿಕೊಂಡು.

"ಲಕ್ಕಣ್ಣನವರೇ, ನಿಮ್ಮ ತೂಬು ಸೋರ್ತಾ ಇದೆ. ಕೆಳಗೆ ವ್ಯವಸಾಯಾನೂ ಇಲ್ಲ. ಗೇಟ್ ವೆಲ್ಡ್ ಮಾಡಿಸಿಬಿಟ್ರೆ ಬೇಸಿಗೆವರೆಗೂ ಹಕ್ಕಿಗಳಿಗೆ ನೀರಿರುತ್ತೆ. ಪರ್ಮಿಶನ್ ಸಿಕ್ಕಿದೆ."

ಗೇಟು ಮುಚ್ಚಿ ಬೆಸೆದರೆ ಆಮೇಲೆ ನಾನು ಯಾತರ ನೀರುಗಂಟಿ? ಬರೀ ಏರಿಯ ಮೇಲೆ ಕೂತು ಬೀಡಿ ಸೇದುವ ಮುದುಕ.

"ವ್ಯವಸಾಯ ಇದೆ ಮೇಡಂ. ನಮ್ಮ ಸೊಣ್ಣಕ್ಕಂದು ಅರ್ಧ ಎಕರೆ ಗದ್ದೆ. ಪೈರು ನಾಟಿಗೆ ಬಂದೈತೆ."

"ಅಲ್ಲೀತನಕ ಒಂದೂವರೆ ಕಿಲೋಮೀಟರ್. ಮಧ್ಯದಲ್ಲಿ ನಾವೆಲ್ಲ ಮನೆ ಕಟ್ಕೊಂಡಿದೀವಿ. ನೀರು ಹೋಗುತ್ತಾ?"

"ನಾನು ಕರೆದ್ರೆ ದೇವನಹಳ್ಳಿಗಂಟ ಬರುತ್ತೆ. ಸುಸ್ತಾಯ್ತು ಅಂದ್ರೆ ಎಗಲ ಮೇಲೆ ಕೂರಿಸ್ಕೊಂಡು ಓಯ್ತೀನಿ."

ಮೇಡಂ ನಗಲಿಲ್ಲ. "ಸರಿ. ಇವತ್ತು ಸೂರ್ಯ ಮುಳುಗೋದರೊಳಗೆ ಆ ಗದ್ದೆಗೆ ನೀರು ಮುಟ್ಟಿಸಿ. ತೂಬು ನಿಮಗೇ ಇರಲಿ. ಆಗ್ಲಿಲ್ಲ ಅಂದ್ರೆ ಉಜೈರ್ ಕೆಲಸ ಮುಗಿಸ್ತಾನೆ."

ಉಜೈರ್ ಆಗಲೇ ಹುಣಸೆಮರದ ನೆರಳಿನಲ್ಲಿ ಟವೆಲ್ ಹಾಸುತ್ತಿದ್ದ. "ಲಕ್ಕಣ್ಣ, ನಾನು ಇಲ್ಲೇ ಮಲಗಿರ್ತೀನಿ. ನೀನು ಗೆದ್ರೆ ನೀನು ಎಬ್ಬಿಸು, ಸೋತ್ರೆ ಮೇಡಂ ಎಬ್ಬಿಸ್ತಾರೆ."

ನಾನು ತೂಬಿನ ಮೇಲೆ ಹತ್ತಿ, ಗೇಟು ತಿರುಗಿಸುವ ಕಬ್ಬಿಣದ ಹಿಡಿಗೆ ಕೈ ಹಾಕಿದೆ. ನನ್ನ ಬಲ ನೋಡಿ ಹಿಡಿ ಹೆದರಿ ಮುರಿದುಹೋಯಿತು. ತುಕ್ಕು ಹಿಡಿದಿತ್ತು ಅಂದ ಉಜೈರ್. ಇರಲಿ, ಅವನ ಮಾತು ಅವನಿಗೆ. ಅವನೇ ಎದ್ದು ಬಂದು ದೊಡ್ಡ ಪಾನಾ ಹಾಕಿ ತಿರುಗಿಸಿದ. ಗೇಟು ಒಂದು ಗೇಣು ಮೇಲೆದ್ದಿತು. ಕೆರೆ ನಿದ್ದೆಯಲ್ಲಿ ಮಗ್ಗುಲು ಬದಲಿಸಿ ನಿಟ್ಟುಸಿರು ಬಿಟ್ಟ ಹಾಗಾಯಿತು. ಏರಿಯ ಆಚೆ, ಕಾಲುವೆಯ ಬಾಯಲ್ಲಿ ನೀರು ಬಂದು ನಿಂತಿತು.

ನಮ್ಮಲ್ಲೊಂದು ಪದ್ಧತಿಯಿದೆ. ವರ್ಷದ ಮೊದಲ ನೀರಿನ ಮುಂದೆ ನೀರುಗಂಟಿ ಮಣ್ಣೆತ್ತುವ ಸನಿಕೆ ಹೆಗಲ ಮೇಲಿಟ್ಟುಕೊಂಡು ನಡೆಯಬೇಕು. ನೀರು ಅವನ ಹಿಂದೆ ಬರುತ್ತದೆ. ಗದ್ದೆ ಮುಟ್ಟುವವರೆಗೆ ಅವನು ಹಿಂದಿರುಗಿ ನೋಡಬಾರದು. ನೋಡಿದರೆ ನೀರು ನಾಚಿ ವಾಪಸು ಹೋಗುತ್ತದೆ. ನಮ್ಮ ತಾತ ಒಂದೇ ಒಂದು ಸಲ ತಿರುಗಿ ನೋಡಿದ್ದಕ್ಕೆ ಆ ವರ್ಷದ ಕೆರೆಯೇ ಎದ್ದು ನಂದಿಬೆಟ್ಟ ಹತ್ತಿತ್ತು.

ಇದನ್ನು ಮೇಡಂಗೆ ಹೇಳಿದಾಗ ಅವರಿಗೆ ನಗು ತಡೆಯಲಾಗಲಿಲ್ಲ. "ನೀರಿಗೆ ನಾಚಿಕೆನಾ? ಹಿಂದೆ ತಿರುಗಿ ನೋಡಿದ್ರೆ ಎಲ್ಲಿ ಕಸ ಕಟ್ಕೊಂಡಿದೆ ಅಂತಾದ್ರೂ ಗೊತ್ತಾಗುತ್ತಲ್ರೀ!"

"ನೀವು ಹಕ್ಕಿ ನೋಡ್ಕಳಿ ಮೇಡಂ. ನೀರು ನಂಗೆ ಬಿಡಿ" ಎಂದು ನಡೆದೇಬಿಟ್ಟೆ.

ಆ ನಡಿಗೆಯನ್ನು ಹೇಗೆ ಹೇಳಲಿ! ಹಿಂದೆ ನೀರು ಬರುತ್ತಿತ್ತು, ಗೆಜ್ಜೆ ಬಿಚ್ಚಿ ಕೈಯಲ್ಲಿ ಹಿಡಿದು ನಡೆಯುವ ಹೆಣ್ಣಿನ ಹಾಗೆ, ಮೆಲ್ಲಗೆ. ಮೊದಲು ದ್ರಾಕ್ಷಿ ತೋಟವಿತ್ತಲ್ಲ, ಈಗ ಲೇಔಟು, ಅದರ ಕಾಂಪೌಂಡಿನ ಪಕ್ಕ ಹಾದೆ. ಹಳೆಯ ಬಳ್ಳಿಗಳ ಬೇರಿನ ವಾಸನೆ ಎಲ್ಲಿಂದಲೋ ಬಂತು. ಮಧ್ಯಾಹ್ನದ ಬಿಸಿಲು ಜೇನಿನ ಬಣ್ಣಕ್ಕೆ ತಿರುಗಿತ್ತು. ಅಪಾರ್ಟ್‌ಮೆಂಟಿನ ಎರಡು ಬ್ಲಾಕುಗಳ ನಡುವೆ ಕಾಲುವೆ ಸಣ್ಣಗಾಗಿ ಹರಿಯುವ ಜಾಗ ಬಂತು. ಮೇಲೆ ಬಾಲ್ಕನಿಗಳಲ್ಲಿ ಒಣಗಿದ ಸೀರೆಗಳು ಹಾಯಿ ಬಿಚ್ಚಿದ್ದವು. ಕಟ್ಟಡಗಳೇ ಮೆಲ್ಲಗೆ ತೇಲಿ ಹಿಂದಕ್ಕೆ ಹೋಗುತ್ತಿದ್ದವು, ನಾನು ನಿಂತಲ್ಲೇ ನಿಂತಿದ್ದೆ. ಪಕ್ಕದಲ್ಲಿ ಇನ್ನೊಂದು ಜೊತೆ ಹೆಜ್ಜೆಯ ಸದ್ದು ಕೇಳಿಸಿತು. ತಾತನದೇ, ಸಂಶಯವಿಲ್ಲ; ಅವನ ಚಪ್ಪಲಿಗೆ ಮಾತ್ರ ಆ ಕಿರ್ರೆನ್ನುವ ಸದ್ದಿತ್ತು. "ಇನ್ನೊಸಿ ನಿಧಾನ ಕಣ್ಲಾ, ನೀರಿಗೆ ಕಾಲ್ ನೋಯ್ತದೆ" ಅಂದ. ನಾನು ನಿಧಾನ ಮಾಡಿದೆ. ಮೀಸೆಯೊಳಗಿನ ಗೀಜಗ ಚಿಂವ್ ಅಂದಿತು.

ರಸ್ತೆ ದಾಟುವಲ್ಲಿ ಕಾಲುವೆ ಪೈಪಿನೊಳಗೆ ಇಳಿಯುತ್ತದೆ. ಪೈಪಿನ ಬಾಯಿಗೆ ಕಬ್ಬಿಣದ ಸರಳುಗಳ ಜಾಲರಿ. ನಾನು ಮೇಲೆ ರಸ್ತೆ ದಾಟಿ, ಆಚೆ ಮತ್ತೆ ಕಾಲುವೆಯ ದಡ ಹಿಡಿದೆ. ನೀರಿನ ಸದ್ದು ಹಿಂದೆಯೇ ಇತ್ತು. ಸದ್ದು ಇತ್ತು ಅಂತಲೇ ಸೊಣ್ಣಕ್ಕನ ಗದ್ದೆಯವರೆಗೂ ಬಂದೆ.

ಸೊಣ್ಣಕ್ಕ ನನ್ನ ದೊಡ್ಡಪ್ಪನ ಮಗಳು. ಎಪ್ಪತ್ತು ವರ್ಷ, ನಾಲಿಗೆಗೆ ಹದಿನಾರು. ಸುತ್ತಲೂ ಬಿಲ್ಡರುಗಳು ಬೇಲಿ ಹಾಕಿದ್ದರೂ ಬದುವಿನ ಮೇಲೆ ಸೀರೆ ಎತ್ತಿ ಕಟ್ಟಿ ನಿಂತಿದ್ದಳು.

"ತಗೋ ಅಕ್ಕ, ನಿನ್ನ ನೀರು!" ಎಂದು ಸನಿಕೆ ಊರಿದೆ.

ಅವಳು ನನ್ನ ಹಿಂದೆ ನೋಡಿದಳು. "ಎಲ್ಲೋ?"

"ನನ್ನಿಂದೆ."

"ನಿನ್ನಿಂದೆ ನಾಯಿ ಒಂದು ಬಂದೈತೆ. ಅದುಕ್ಕೂ ಬಾಯಾರೈತೆ ಕಣೋ."

"ಸದ್ದು ಕೇಳ್ತಾ ಐತಲ್ಲಕ್ಕ!"

"ಅದು ಐವೇಲಿ ಓಗೋ ಗಾಡಿಗಳ ಸದ್ದು. ತಿರುಗಿ ನೋಡೋ ಮೂದೇವಿ!"

ತಿರುಗಿ ನೋಡಲಿಲ್ಲ. ಸೂರ್ಯ ಬೇಲಿಯ ತಗಡಿನ ಮೇಲೆ ಕೂತಿದ್ದ, ಇನ್ನು ಎರಡು ಮೊಳ. ಪೈಪಿನ ಜಾಲರಿಗೆ ಕಸ ಕಟ್ಟಿ ನೀರು ನಿಂತಿದೆ ಎಂದು ಗೊತ್ತಾಗಿಹೋಗಿತ್ತು. ಹೋಗಿ ಕಸ ತೆಗೆಯಬೇಕು. ಹೋಗಬೇಕೆಂದರೆ ತಿರುಗಬೇಕು. ತಿರುಗಿದರೆ ನೀರು ಹೋಯಿತು. ಆ ಗಳಿಗೆಯಲ್ಲಿ ನಮ್ಮ ವಂಶದ ಅಷ್ಟೂ ಬುದ್ಧಿ ನನ್ನೊಬ್ಬನ ತಲೆಯೊಳಗೆ ಬಂದು ಕೂತಿತು.

ನಾನು ಹಿಂದುಹಿಂದಕ್ಕೆ ನಡೆಯತೊಡಗಿದೆ. ಮುಖ ಗದ್ದೆಯ ಕಡೆ, ಬೆನ್ನು ನೀರಿನ ಕಡೆ.

"ಅಯ್ಯೋ, ಇವನಿಗೆ ಬಿಸಿಲು ತಲೆಗೆ ಅತ್ತೈತೆ!" ಸೊಣ್ಣಕ್ಕ ಕೂಗಿದಳು. ಹಾಗೆ ನಾನು ಓಡಿದ ವೇಗಕ್ಕೆ ಕುದುರೆಗಳು ನಾಚಬೇಕು. ಇಪ್ಪತ್ತು ಹೆಜ್ಜೆ ಹೋಗಿರಬೇಕು, ಹುಲ್ಲಿನ ಬುಡಕ್ಕೆ ಹಿಮ್ಮಡಿ ಸಿಕ್ಕಿ ಒಣ ಕಾಲುವೆಯೊಳಗೆ ಕುಕ್ಕರಿಸಿಬಿಟ್ಟೆ.

ಅಲ್ಲೇ ಕೂತೆ. ಎದ್ದೇಳುವ ಮನಸ್ಸಾಗಲಿಲ್ಲ. ತಗಡಿನ ಮೇಲೆ ಸೂರ್ಯ ಕರಗುತ್ತಿದ್ದ. ಎದುರಿಗೆ ಬೆಳ್ಳಕ್ಕಿಗಳು ಒಂದೊಂದಾಗಿ ಗದ್ದೆಗೆ ಇಳಿಯುತ್ತಿದ್ದವು. ಬೆಳ್ಳಕ್ಕಿಗಳು ಸುಮ್ಮನೆ ಇಳಿಯುವುದಿಲ್ಲ. ನನ್ನ ಪಕ್ಕದಿಂದ ಇರುವೆಗಳ ಸಾಲೊಂದು ಮೊಟ್ಟೆ ಹೊತ್ತುಕೊಂಡು ದಡ ಹತ್ತಿತು. ಬಿಲದಿಂದ ಏಡಿಯೊಂದು ಹೊರಬಂದು, ನನ್ನನ್ನು ನೋಡಿ, ದಾರಿ ಬಿಡು ಅನ್ನುವಂತೆ ಕೊಂಡಿ ಎತ್ತಿತು. ಆಮೇಲೆ ಬೆನ್ನ ಕೆಳಗೆ, ಪಂಚೆಯ ಮೇಲೆ, ತಣ್ಣಗೆ ಏನೋ ಮುಟ್ಟಿತು.

"ತಿರುಗಬೇಡಿ!" ಹಿಂದಿನಿಂದ ಯಾರೋ ಕಿರುಚಿದರು. "ಲಕ್ಕಣ್ಣ, ತಿರುಗಬೇಡಿ! ಬರ್ತಾ ಇದೆ!"

ದಾಕ್ಷಾಯಣಿ ಮೇಡಂ ದನಿ.

"ನೀವೇನು ಮಾಡ್ತಿದೀರಿ ಮೇಡಂ?" ಎದುರಿನ ಗದ್ದೆಗೇ ಕೇಳಿದೆ.

"ನಿಮ್ಮ ಹಿಂದೇನೇ ಬಂದೆ, ಸೋಲೋದು ನೋಡೋಣ ಅಂತ. ಜಾಲರಿ ಹತ್ರ ಪ್ಲಾಸ್ಟಿಕ್ ಕವರು, ಹಾರ, ಹಾಳುಮೂಳು ಎಲ್ಲ ಕಟ್ಕೊಂಡಿತ್ತು. ನೀರು ಅಲ್ಲೇ ಸುತ್ತುತಾ ನಿಂತಿತ್ತು ಕಣ್ರೀ, ಸ್ಕೂಲ್ ಹತ್ರ ಯಾರೂ ಕರ್ಕೊಂಡ್ ಹೋಗೋಕೆ ಬರದಿರೋ ಮಗು ಥರ. ನೋಡೋಕಾಗ್ಲಿಲ್ಲ." ಅವರಿಗೆ ಏದುಸಿರು ಬರುತ್ತಿತ್ತು. "ಎರಡು ಗಂಟೆ ಎಳೆದು ಹಾಕಿದೆ. ಏಳಿ ಮೇಲೆ! ಕೂತ್ರೆ ನೀವೇ ಕಸ ಆಗ್ತೀರ. ನಡೀರಿ, ಮುಂದೆ ನಡೀರಿ!"

ಎದ್ದೆ. ಸನಿಕೆ ಹೆಗಲಿಗೇರಿಸಿದೆ. ನಾನು ಮುಂದೆ, ಹಿಮ್ಮಡಿ ನೆಕ್ಕುತ್ತಾ ನೀರು, ನೀರಿನ ಹಿಂದೆ ಕೈಯಲ್ಲಿ ಕೋಲು ಹಿಡಿದ ಮೇಡಂ. ತಗಡಿನ ಮೇಲೆ ಸೂರ್ಯ ಬರೀ ಒಂದು ಉಗುರಿನಷ್ಟು ಉಳಿದಿದ್ದಾಗ ನೀರು ಸೊಣ್ಣಕ್ಕನ ಬದುವಿನಲ್ಲಿ ಕಡಿದಿದ್ದ ಮಡೆ ದಾಟಿ ಗದ್ದೆಗೆ ಇಳಿಯಿತು. ಅರ್ಧ ಎಕರೆ ಮಣ್ಣು ಒಟ್ಟಿಗೇ ಬಾಯಿ ತೆರೆದ ಸದ್ದು ಬಂತು.

ಸೊಣ್ಣಕ್ಕ ಬಗ್ಗಿ ಬೊಗಸೆಯಲ್ಲಿ ಕೆಸರುನೀರು ತೆಗೆದು ಮೇಡಂ ಪಾದದ ಮೇಲೆ ಬಿಟ್ಟಳು. ಆಗ ನಾನು ತಿರುಗಿ ನೋಡಿದೆ. ಮೇಡಂ ಮೊಣಕಾಲಿನವರೆಗೆ ಕೆಸರಾಗಿದ್ದರು, ಕೂದಲಿನಲ್ಲಿ ಯಾವುದೋ ಹಳೆಯ ಚೆಂಡುಹೂವಿನ ಹಾರದ ಎಸಳು. ಫೋನು ಕಿವಿಯಲ್ಲಿತ್ತು.

"ಉಜೈರ್, ಎದ್ದೇಳಪ್ಪ. ಗೇಟು ಮುಟ್ಟಬೇಡ. ಮುರಿದಿದೆಯಲ್ಲ ಆ ಹಿಡಿ, ಅದನ್ನ ವೆಲ್ಡ್ ಮಾಡು. ಗಟ್ಟಿಯಾಗಿ. ಗದ್ದೆ ತುಂಬಿದ್ಮೇಲೆ ಮುಚ್ಚೋಕೆ ಬೇಕಲ್ಲ." ಸ್ವಲ್ಪ ಹೊತ್ತು ಕೇಳಿಸಿಕೊಂಡು, ನನ್ನ ಕಡೆ ನೋಡಿದರು. "ಗೆದ್ದೋರೇ ಎಬ್ಬಿಸಬೇಕಂತೆ. ಎಬ್ಬಿಸಿದ್ದು ನಾನಲ್ವಾ, ಯಾರು ಗೆದ್ದಿದ್ದು ಅಂತ ಕೇಳ್ತಿದಾನೆ."

"ನಾನೇ ಅಂತ ಹೇಳಿ" ಅಂದೆ.

ನಾವು ಏರಿಗೆ ವಾಪಸಾಗುವಾಗ ಮುಸ್ಸಂಜೆ. ತೂಬಿನ ಮೇಲೆ ಉಜೈರ್ ನೀಲಿ ಬೆಳಕು ಹೊತ್ತಿಸಿಕೊಂಡು ಕೂತಿದ್ದ. ಕಿಡಿಗಳು ಒಂದೊಂದಾಗಿ ಕೆರೆಗೆ ಉದುರುತ್ತಿದ್ದವು. ಆ ರಾತ್ರಿ ನಮ್ಮ ಕೆರೆಯಲ್ಲಿ ನಕ್ಷತ್ರಗಳು ಎಲ್ಲಿಂದ ಬಂದವು ಎಂದು ಕೇಳಿದವರಿಗೆಲ್ಲ ನಾನು ಇದನ್ನೇ ಹೇಳುತ್ತೇನೆ. ನಂಬದಿದ್ದರೆ ದಾಕ್ಷಾಯಣಿ ಮೇಡಂ ಅವರನ್ನೇ ಕೇಳಿ. ಈಗ ಅವರೂ ನನ್ನ ಹಾಗೆಯೇ, ಕೆರೆ ಎಷ್ಟು ಎಕರೆ ಅಂದರೆ ಮುನ್ನೂರ ಅರವತ್ತು ಅನ್ನುತ್ತಾರೆ.