ಮರೆವಿನ ಪರೀಕ್ಷೆಗೆ ಟ್ಯೂಷನ್

ಆಸ್ಪತ್ರೆಯ ಕಬ್ಬಿಣದ ಬೆಂಚಿನ ಮೇಲೆ ಕೂತು ಕೂತು ಕೆಂಡಮ್ಮನ ಸೊಂಟ ಹಿಡಿದುಕೊಂಡಿತ್ತು. ಹೆತ್ತವರು ಇಟ್ಟ ಹೆಸರು ಅದಲ್ಲ. ಚಿಕ್ಕವಳಿದ್ದಾಗ ಸಣ್ಣ ಸಣ್ಣ ಮಾತಿಗೆಲ್ಲ ಧಗ್ಗಂತ ಉರಿದು ಬೀಳುತ್ತಿದ್ದುದನ್ನು ನೋಡಿ ಅಕ್ಕ ಕರೆದ ಹೆಸರು. ಆಮೇಲೆ ಇಸ್ತ್ರಿ ಅಂಗಡಿ ಇಟ್ಟುಕೊಂಡಳು, ಹೆಸರು ಇನ್ನೂ ಗಟ್ಟಿಯಾಗಿ ಅಂಟಿಕೊಂಡಿತು. ಐವತ್ತು ದಾಟಿದರೂ ಹೆಸರೂ ಬಿಡಲಿಲ್ಲ, ಸಿಟ್ಟೂ ಬಿಡಲಿಲ್ಲ. ಈಗ ಹೆಸರಿಟ್ಟ ಅಕ್ಕನಿಗೇ ಒಂದೊಂದು ದಿನ ಅದು ಬಾಯಿಗೆ ಬರುವುದಿಲ್ಲ.

"ಇನ್ನೂ ಎಷ್ಟೊತ್ತಂತೆ?" ಎಂದಳು ಕೆಂಡಮ್ಮ.

"ಸುಮ್ನಿರು. ಒಳಗೆ ನಿನ್ನ ಅಕ್ಕನ ಪರೀಕ್ಷೆ ನಡೀತಾ ಇದೆ," ಎಂದ ಭಾವ.

ಭಾವನಿಗೆ ಕೂರಲು ಆಗುತ್ತಿರಲಿಲ್ಲ. ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಿದ್ದ. ಜೇಬಿನಲ್ಲಿ ಚೂಪಾಗಿ ಕೆತ್ತಿದ ಎರಡು ಪೆನ್ಸಿಲು, ಕೈಯಲ್ಲಿ ನೀರಿನ ಬಾಟಲಿ. ಜೀವಮಾನವೆಲ್ಲ ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳಿದ ಮನುಷ್ಯ. ಶಾಲೆಯವರು ಕೈಬಿಟ್ಟ ದಡ್ಡರನ್ನೆಲ್ಲ ಹಿಡಿದು ಕೂರಿಸಿ, ಉರು ಹೊಡೆಸಿ ಪಾಸು ಮಾಡಿಸುತ್ತಿದ್ದ. ಇವತ್ತೂ ಹಾಗೇ ಕಾಣುತ್ತಿದ್ದ, ಹುಡುಗನನ್ನು ಪರೀಕ್ಷೆ ಹಾಲಿನ ಒಳಗೆ ಬಿಟ್ಟು ಹೊರಗೆ ಕಾಯುವವನ ಹಾಗೆ.

"ಭಾವ, ಕೂತ್ಕೊಳ್ಳಿ. ನಿಮ್ಮನ್ನ ನೋಡಿ ನೋಡಿ ನಂಗೆ ತಲೆ ಸುತ್ತು ಬರ್ತಿದೆ."

"ನೋಡ್ಬೇಡ."

"ಅಲ್ಲಿ ಅಂಗಡೀಲಿ ಬಟ್ಟೆ ಗುಡ್ಡದ ಥರ ಬಿದ್ದಿದೆ. ಮದುವೆ ಮನೆಯವರ ಅಂಗಿಗಳು. ಸಂಜೆ ಬಂದು ಬಾಯಿ ಮಾಡ್ತಾರೆ."

"ನೀನೂ ಮಾಡು. ಆ ವಿಷಯದಲ್ಲಿ ನಿನ್ನನ್ನ ಸೋಲಿಸೋರು ಯಾರಿದಾರೆ?"

ಮರೆವಿನ ಕಾಯಿಲೆಗೆ ಹೊಸ ಔಷಧಿಯೊಂದು ಬಂದಿತ್ತು. ಅದು ನಿಜವಾಗಿಯೂ ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಆ ಆಸ್ಪತ್ರೆಯವರು ಅಧ್ಯಯನ ನಡೆಸುತ್ತಿದ್ದರು. ಸೇರಿದವರಲ್ಲಿ ಅರ್ಧ ಜನಕ್ಕೆ ಔಷಧಿಯ ಸೂಜಿ, ಇನ್ನರ್ಧ ಜನಕ್ಕೆ ಬರೀ ನೀರಿನಂಥ ಸೂಜಿ. ಯಾರಿಗೆ ಯಾವುದು ಎಂದು ಡಾಕ್ಟರಿಗೂ ಗೊತ್ತಿರುವುದಿಲ್ಲವಂತೆ. ಅದನ್ನು ಕೇಳಿದ ದಿನವೇ ಕೆಂಡಮ್ಮ, "ನಿಮಗೇ ಗೊತ್ತಿಲ್ಲ ಅಂದ್ರೆ ಇನ್ಯಾರನ್ನ ಕೇಳೋಣ, ಕಸ ಗುಡಿಸೋರನ್ನಾ?" ಎಂದು ರೇಗಿದ್ದಳು. ಆದರೂ ಆಸೆ ಎನ್ನುವುದು ಇತ್ತಲ್ಲ. ಊರಿನ ಬೇರೆ ಡಾಕ್ಟರುಗಳೆಲ್ಲ ಕೈ ಚೆಲ್ಲಿ, "ವಯಸ್ಸಾಯ್ತಲ್ಲಮ್ಮ" ಎಂದು ಕಳಿಸಿದ್ದರು. ಉಳಿದಿದ್ದು ಇದೊಂದೇ ಬಾಗಿಲು.

ಬಾಗಿಲೇನೋ ಇತ್ತು, ಸಂದು ಮಾತ್ರ ಬಲು ಕಿರಿದು. ಶುರುವಿನ ಮರೆವು ಇರುವವರನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ಮರೆವೇ ಇಲ್ಲದವರೂ ಬೇಡ, ಮುಂದುವರಿದವರೂ ಬೇಡ. ಮೊದಲ ಸಲ ಬಂದಾಗ ಅಕ್ಕನಿಗೆ ಬಂದ ಅಂಕ ಕೆಳಗಿನ ಅಂಚಿನಲ್ಲಿತ್ತು. "ಇನ್ನೊಂದು ಸಲ ನೋಡೋಣ. ಇದಕ್ಕಿಂತ ಕಡಿಮೆ ಬಂದ್ರೆ ತಗೊಳ್ಳೋಕಾಗಲ್ಲ," ಎಂದಿದ್ದರು ಡಾಕ್ಟರು. ಆ ಇನ್ನೊಂದು ಸಲವೇ ಇವತ್ತು.

ಬಾಗಿಲು ತೆರೆಯಿತು. ಪ್ರಶ್ನೆ ಕೇಳುವ ಹುಡುಗಿಯ ಕೈ ಹಿಡಿದುಕೊಂಡು ಅಕ್ಕ ಹೊರಗೆ ಬಂದಳು. ಮುಖ ಅರಳಿತ್ತು. ಬಸ್ ನಿಲ್ದಾಣದ ಮೈಕಿನಲ್ಲಿ ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಸಾರುತ್ತಾ ಆಯುಷ್ಯ ಕಳೆದವಳು. ಗಂಟಲು ಈಗಲೂ ಗಂಟೆಯ ಹಾಗಿತ್ತು.

"ಎಲ್ಲಾ ಹೇಳ್ಬಿಟ್ಟೆ," ಎಂದಳು, ಇಡೀ ಸಾಲಿನ ಬೆಂಚುಗಳಿಗೆ ಕೇಳುವ ಹಾಗೆ.

"ಭೇಷ್!" ಎಂದ ಭಾವ. ಹುಡುಗಿಯ ಕಡೆ ತಿರುಗಿ, "ಎಷ್ಟು ಬಂತಮ್ಮ?" ಎಂದ.

ಹುಡುಗಿ ಅವನ ಮುಖ ನೋಡಲಿಲ್ಲ. "ಡಾಕ್ಟರು ಮಾತಾಡ್ತಾರೆ. ನಾನು ಅಮ್ಮನ ಜೊತೆ ಇಲ್ಲೇ ಕೂತಿರ್ತೀನಿ, ನೀವಿಬ್ರೂ ಒಳಗೆ ಹೋಗಿ," ಎಂದಳು.

ಡಾಕ್ಟರು ಹೆಂಗಸು, ಮಾತು ಮೆತ್ತಗೆ. ಮೆತ್ತಗೆ ಮಾತಾಡುವವರನ್ನು ಕಂಡರೆ ಕೆಂಡಮ್ಮನಿಗೆ ಮೊದಲೇ ಭಯ. ಒಳ್ಳೆಯ ಸುದ್ದಿಯನ್ನು ಯಾರೂ ಅಷ್ಟು ಮೆತ್ತಗೆ ಹೇಳುವುದಿಲ್ಲ.

"ಅಂಕ ತುಂಬಾ ಕಡಿಮೆ ಬಂದಿದೆ," ಎಂದರು ಡಾಕ್ಟರು. "ಆದ್ರೆ ಒಂದು ವಿಷಯ ನಂಗೆ ಅರ್ಥ ಆಗ್ತಿಲ್ಲ. ಐದು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ವಾಪಸ್ ಕೇಳ್ತೀವಿ. ಇವತ್ತು ಕೊಟ್ಟಿದ್ದು ಬಾವಿ, ಕೊಡೆ, ಮೊಲ, ಹಲಗೆ, ಉಪ್ಪು. ಅವರು ಹೇಳಿದ್ದು ಹಗ್ಗ, ನಿಂಬೆ, ಕುದುರೆ, ಚಮಚ, ಕಿಟಕಿ. ಒಂದೂ ತಡವರಿಸದೆ."

"ಸರಿಯಾಗೇ ಇದೆಯಲ್ಲಾ!" ಎಂದ ಭಾವ.

"ಅವು ಹೋದ ಸಲದ ಪದಗಳು. ಹೋದ ಸಲ ಅವರಿಗೆ ಅದರಲ್ಲಿ ಒಂದೂ ನೆನಪಿರಲಿಲ್ಲ. ಪ್ರತಿ ಸಲ ಬೇರೆ ಪದ ಕೊಡ್ತೀವಿ. ಗಡಿಯಾರ ಬರೆದು ಒಂಬತ್ತು ಗಂಟೆ ತೋರಿಸಿ ಅಂದ್ರೆ ನಾಲ್ಕು ತೋರಿಸಿದಾರೆ. ನಾಲ್ಕು ಕೇಳಿದ್ದೂ ಹೋದ ಸಲಾನೇ. ಹೋದ ಸಲ ಅವರು ಹಟ ಮಾಡಿದ್ರು ಅಂತ ನಿಮ್ಮನ್ನ ಒಳಗೆ ಕೂರಿಸಿಕೊಂಡಿದ್ವಿ, ಅಲ್ವಾ?"

ಭಾವ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತ.

ಕೆಂಡಮ್ಮನಿಗೆ ಎಲ್ಲ ಹೊಳೆಯಿತು. ಹೊಳೆದದ್ದೇ ತಡ, ಪಿತ್ತ ನೆತ್ತಿಗೇರಿತು. "ಭಾವ! ಟ್ಯೂಷನ್ ಕೊಟ್ರಾ? ನಿಮ್ಮ ಹೆಂಡ್ತಿಗೆ ಉರು ಹೊಡೆಸಿದ್ರಾ?"

"ದಿನಾ ಸಂಜೆ ಸ್ವಲ್ಪ ಹೊತ್ತು..."

"ಅಯ್ಯೋ ನಿಮ್ಮ! ಇದೇನು ಹತ್ತನೇ ಕ್ಲಾಸಿನ ಪರೀಕ್ಷೆಯೇನ್ರೀ? ರಕ್ತ ಪರೀಕ್ಷೆಗೆ ಮುಂಚೆ ರಕ್ತಕ್ಕೂ ಪಾಠ ಹೇಳಿಕೊಡ್ತೀರಾ?"

"ಕಡಿಮೆ ಬಂದ್ರೆ ತಗೊಳ್ಳಲ್ಲ ಅಂದ್ರಲ್ಲ ಇವರು!" ಭಾವನ ಧ್ವನಿಯೂ ಏರಿತು. "ಅಂಚಿನಲ್ಲಿರೋ ಹುಡುಗರನ್ನ ಎಷ್ಟು ಜನರನ್ನ ದಾಟಿಸಿಲ್ಲ ನಾನು? ಒಂದೆರಡು ಅಂಕ ಹೆಚ್ಚಿಗೆ ಬರಲಿ ಅಂತ ಮಾಡಿದೆ. ಪ್ರಶ್ನೆಪತ್ರಿಕೆ ಬದಲಾಯಿಸ್ತಾರೆ ಅಂತ ನಂಗೇನು ಕನಸು ಬಿದ್ದಿತ್ತಾ?"

ಡಾಕ್ಟರು ಕೈಯೆತ್ತಿ ಇಬ್ಬರನ್ನೂ ತಡೆದರು. "ಈ ಸಲದ ಅಂಕವನ್ನ ನಾನು ಲೆಕ್ಕಕ್ಕೆ ಹಿಡಿಯಲ್ಲ. ಹಳೆಯ ಪದಗಳು ತಲೆಯಲ್ಲಿ ತುಂಬಿದ್ರೆ ಹೊಸದು ಎಲ್ಲಿ ಕೂರುತ್ತೆ? ಇನ್ನೊಮ್ಮೆ ಪರೀಕ್ಷೆ ಮಾಡೋಕೆ ಅವಕಾಶ ಇದೆ. ಆದ್ರೆ ಅದಕ್ಕೂ ಮುಂಚೆ ಇನ್ನೊಂದು ಕೆಲಸ. ಮನೆಯಲ್ಲಿ ಅವರು ಹೇಗಿದಾರೆ ಅಂತ ಜೊತೆಯಲ್ಲಿರೋರು ನಿಜ ಹೇಳಬೇಕು. ಅಂಕ ಅರ್ಧ, ಮನೆಯವರ ಮಾತು ಅರ್ಧ. ಹೋದ ಸಲ ಕೇಳಿದ್ದಕ್ಕೆಲ್ಲ ನೀವು 'ತೊಂದ್ರೆ ಏನೂ ಇಲ್ಲ' ಅಂದಿದೀರಿ. ಏನೂ ತೊಂದ್ರೆ ಇಲ್ಲದಿದ್ರೆ ಇಲ್ಲಿಗೆ ಯಾಕೆ ಬರ್ತಿದ್ರಿ?"

"ಇವರನ್ನ ಬಿಡಿ, ಡಾಕ್ಟ್ರೇ. ಇವರು ತೋಳಿಗೆ ಗಾಯ ಆಗಿದ್ರೆ ಉದ್ದ ತೋಳಿನ ಅಂಗಿ ಹಾಕೋ ಪೈಕಿ," ಎಂದಳು ಕೆಂಡಮ್ಮ. "ನನ್ನನ್ನ ಕೇಳಿ. ಅವಳು ನನ್ನ ಒಡಹುಟ್ಟಿದವಳು. ನಾನು ಹೇಳ್ತೀನಿ."

"ಹೇಳಿ. ಸ್ನಾನ ತಾವಾಗೇ ಮಾಡ್ತಾರಾ?"

ಕೆಂಡಮ್ಮ ಬಾಯಿ ತೆರೆದಳು. ಪ್ರತಿ ಭಾನುವಾರ ಅವಳು ಅಕ್ಕನ ಮನೆಗೆ ಹೋಗುವ ಹೊತ್ತಿಗೆ ಅಕ್ಕ ಸ್ನಾನ ಮಾಡಿ, ತಲೆ ಬಾಚಿಕೊಂಡು, ಒಗೆದ ಬಟ್ಟೆ ಉಟ್ಟು ಕೂತಿರುತ್ತಿದ್ದಳು.

"ಮಾಡ್ತಾಳೆ ಅನ್ಸುತ್ತೆ."

"ಒಲೆ ಹಚ್ಚಿ ಮರೆತದ್ದುಂಟಾ? ರಾತ್ರಿ ಎದ್ದು ಓಡಾಡ್ತಾರಾ? ಮನೆಯವರ ಗುರುತು ತಪ್ಪಿದ್ದುಂಟಾ?"

ಕೆಂಡಮ್ಮನ ಕಿವಿ ಬಿಸಿಯಾಯಿತು. ಅವಳು ಹೋದಾಗಲೆಲ್ಲ ಭಾವನೇ ಟೀ ತಂದುಕೊಡುತ್ತಿದ್ದ. ಅಕ್ಕನಿಗೆ ಮೊಣಕಾಲು ನೋವು ಎನ್ನುತ್ತಿದ್ದ. ಅಕ್ಕ ಮಾತು ಮರೆತರೆ ಭಾವ ಆ ಮಾತನ್ನು ತಾನೇ ಮುಗಿಸುತ್ತಿದ್ದ. ವಾರಕ್ಕೊಮ್ಮೆ ಹೋಗಿ, ಗಟ್ಟಿಯಾಗಿ ನಾಲ್ಕು ಮಾತಾಡಿ, ನಕ್ಕು ಬರುವ ತಂಗಿಗೆ ಕಂಡದ್ದೆಲ್ಲ ಭಾವ ಇಸ್ತ್ರಿ ಮಾಡಿ ಇಟ್ಟ ಅಕ್ಕ. ಸುಕ್ಕೆಲ್ಲ ಒಳಮಗ್ಗುಲಲ್ಲಿತ್ತು.

"ಗೊತ್ತಿಲ್ಲ," ಎಂದಳು. ಆ ಮಾತನ್ನು ಒಪ್ಪಿಕೊಳ್ಳಬೇಕಾಗಿ ಬಂದದ್ದಕ್ಕೆ ಅವಳ ಸಿಟ್ಟು ದುಪ್ಪಟ್ಟಾಯಿತು. "ನಂಗೆ ಗೊತ್ತಿಲ್ಲ. ಇವರಿಗೆ ಗೊತ್ತು. ಆದ್ರೆ ಇವರ ಬಾಯಿಗೆ ಬೀಗ. ಭಾವ, ಒಂದು ನಿಮಿಷ ಹೊರಗೆ ಬನ್ನಿ."

ಹೊರಗೆ, ಅಕ್ಕ ಕೂತಿದ್ದ ಬೆಂಚಿನಿಂದ ದೂರದಲ್ಲಿ, ಮೆಟ್ಟಿಲ ಹತ್ತಿರ ಅವನನ್ನು ಗೋಡೆಗೆ ನಿಲ್ಲಿಸಿದಳು.

"ಸೇರಬೇಕೋ ಬೇಡವೋ ಅವಳು?"

"ಸೇರಬೇಕು."

"ಹಾಗಾದ್ರೆ ಬಾಯಿಬಿಟ್ಟು ಇದ್ದದ್ದನ್ನ ಹೇಳೋಕೆ ಏನು ದಾಡಿ ನಿಮಗೆ?"

"ಕೆಂಡ, ಗೋಡೆಗೂ ಕಿವಿ ತೂತಾಗುತ್ತೆ, ಮೆಲ್ಲಗೆ."

"ಆಗಲಿ! ಮರ್ಯಾದೆ ಹೋಗುತ್ತಾ ನಿಮಗೆ? ಇಲ್ಲಿ ಬೆಂಚಿನ ಮೇಲೆ ಕೂತಿರೋರೆಲ್ಲ ಅದೇ ಕಾಯಿಲೆಯೋರು. ನೀವು ಹೇಳಿದ್ದನ್ನ ನಾಳೆಗೆ ಯಾರೂ ನೆನಪಿಟ್ಟುಕೊಳ್ಳಲ್ಲ!"

ಭಾವನಿಗೆ ನಗು ಬಂತು. ನಗುತ್ತಲೇ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಒರೆಸುತ್ತಲೇ ಇದ್ದ.

"ಬೆಳಿಗ್ಗೆ ಎದ್ದಾಗ ಅವಳಿಗೆ ನಾನು ಯಾರು ಅಂತ ಗೊತ್ತಾಗಲ್ಲ," ಎಂದ. "ಮೊದಮೊದಲು ಕಿರುಚಿಕೊಳ್ತಿದ್ಲು. ಯಾರೋ ಗಂಡಸು ಮನೆಗೆ ನುಗ್ಗಿದಾನೆ ಅಂತ. ಗಂಡ ಕಣೇ, ಗಂಡ, ಅಂದ್ರೆ ಇನ್ನೂ ಹೆದರ್ತಿದ್ಲು. ಒಂದು ದಿನ ಏನೂ ತೋಚದೆ, 'ಟ್ಯೂಷನ್ ಹೇಳೋಕೆ ಬಂದಿದೀನಮ್ಮ' ಅಂದೆ. 'ಓಹ್, ಬನ್ನಿ ಸಾರ್' ಅಂತ ಕುರ್ಚಿ ಕೊಟ್ಲು. ಅವತ್ತಿನಿಂದ ಹಾಗೇ. ಮೇಷ್ಟರು ಅಂದ್ರೆ ತಲೆ ಬಾಚೋಕೆ ಬಿಡ್ತಾಳೆ, ಊಟ ತಿನ್ನಿಸೋಕೆ ಬಿಡ್ತಾಳೆ. ಮೇಷ್ಟರು ಅಂದ ಮೇಲೆ ಪಾಠ ಹೇಳಬೇಡವಾ? ಏನು ಹೇಳಲಿ? ಭಾಗಾಕಾರ ಹೇಳಲಾ? ಹಗ್ಗ, ನಿಂಬೆ ಅಂತ ಇದನ್ನೇ ಹೇಳಿದೆ."

ಕೆಂಡಮ್ಮನ ಬಾಯಿಗೆ ಬೈಗುಳ ಸಾಲುಗಟ್ಟಿ ಬಂದಿದ್ದವು. ಒಂದನ್ನೂ ಯಾರ ಮೇಲೆ ಎಸೆಯಬೇಕೆಂದು ತಿಳಿಯಲಿಲ್ಲ. ಅದೂ ಒಂದು ಸಂಕಟ. ಸಿಟ್ಟಿಗೆ ಇಳಿಯಲು ಜಾಗ ಬೇಕಲ್ಲ.

"ಯಾವಾಗಿಂದ?"

"ಚಳಿಗಾಲದಿಂದ."

"ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ಬಂದಾಗ ಅವಳು ಚೆನ್ನಾಗಿರ್ತಾಳೆ. ಅಷ್ಟಾದ್ರೂ ಇರಲಿ ಅಂತ."

"ಹೋಗಿ, ಇದನ್ನೇ ಒಳಗೆ ಹೇಳಿ. ಈಗಲೇ. ಒಂದಕ್ಷರ ಬಿಡದೆ."

ಭಾವ ಹೇಳಿದ. ಮೊದಲು ತೊದಲಿದ, ಆಮೇಲೆ ಕಟ್ಟೆ ಒಡೆದ ಹಾಗೆ ಹೇಳಿದ. ಸ್ನಾನದ್ದು, ಒಲೆಯದ್ದು, ಬಟ್ಟೆ ತಿರುಗುಮುರುಗಾಗಿ ಹಾಕಿಕೊಳ್ಳುವುದು, ಬೀದಿಗೆ ಹೋಗಿ ಯಾರದೋ ಮನೆಯ ಮೆಟ್ಟಿಲ ಮೇಲೆ ಕೂತಿದ್ದು, ಬೆಳಗಿನ ಹೊತ್ತಿನದು. ಇಲ್ಲಿಗೆ ಬರುವಾಗ ಎರಡು ಸಲವೂ ದಾರಿಯುದ್ದಕ್ಕೂ ತಾರೀಖು, ವಾರ ಹೇಳಿಕೊಡುತ್ತಾ ಬಂದದ್ದನ್ನೂ ಬಿಡಲಿಲ್ಲ. ಕೆಂಡಮ್ಮ ತನ್ನ ಕೈಗಳನ್ನು ನೋಡುತ್ತಾ ಕೂತಳು.

ಮುಗಿದ ಮೇಲೆ ಡಾಕ್ಟರು ಇನ್ನಷ್ಟು ಮೆತ್ತಗಾದರು. "ನೀವು ಹೇಳಿದ್ದು ಒಳ್ಳೆಯದಾಯ್ತು. ಆದ್ರೆ ಇದು ಶುರುವಿನ ಹಂತ ಅಲ್ಲ. ಅದನ್ನ ದಾಟಿ ಬಹಳ ಮುಂದೆ ಬಂದಿದೆ. ಈ ಔಷಧಿಯ ಅಧ್ಯಯನಕ್ಕೆ ಇನ್ನು ಅವರನ್ನ ಸೇರಿಸೋಕಾಗಲ್ಲ. ಇನ್ನೊಂದು ಪರೀಕ್ಷೆ ಮಾಡಿ ಅವರನ್ನ ದಣಿಸೋದೂ ಬೇಡ."

"ಏನಂದ್ರಿ?" ಕೆಂಡಮ್ಮ ಎದ್ದು ನಿಂತಳು. "ಸುಳ್ಳು ಹೇಳಿದ್ರೂ ಇಲ್ಲ, ನಿಜ ಹೇಳಿದ್ರೂ ಇಲ್ಲ! ಮರೆವಿಗೆ ಔಷಧಿ ಅಂತೀರಿ, ಮರೆತೋರು ಬಂದ್ರೆ ಬೇಡ ಅಂತೀರಿ. ಮತ್ಯಾರಿಗೆ ಕೊಡ್ತೀರಿ, ನೆನಪಿರೋರಿಗಾ?"

"ಕೆಂಡ," ಎಂದ ಭಾವ.

"ನೀವು ಸುಮ್ನಿರಿ! ಡಾಕ್ಟ್ರೇ, ಕಲ್ಲು ಕರಗೋ ಹಾಗೆ ಅಷ್ಟೊತ್ತು ಹೇಳಿದಾನೆ ಈ ಮನುಷ್ಯ. ಅದಕ್ಕೆ ಸಿಕ್ಕಿದ್ದು ಇದಾ?"

"ಕೆಲಸ ಮಾಡದ ಕಡೆ ಔಷಧಿ ಕೊಟ್ರೆ ನಿಮ್ಮ ಅಕ್ಕನಿಗೇ ಅಪಾಯ," ಎಂದರು ಡಾಕ್ಟರು. "ಮಿದುಳಲ್ಲಿ ರಕ್ತ ಬರೋ ಸಾಧ್ಯತೆ ಇದೆ. ಗೊತ್ತಿದ್ದೂ ನಾನು ಕೊಡಲಾ? ನೀವೇ ಹೇಳಿ."

ಉತ್ತರವಿಲ್ಲದ ಮಾತೆಂದರೆ ಕೆಂಡಮ್ಮನಿಗೆ ಮೈಯೆಲ್ಲ ಉರಿ. ಅಲ್ಲಿದ್ದ ಕುರ್ಚಿಯನ್ನು ಸದ್ದಾಗುವಂತೆ ಹಿಂದಕ್ಕೆ ತಳ್ಳಿದಳು. ಡಾಕ್ಟರು, ಗುರುವಾರದ ಹೊರರೋಗಿ ವಿಭಾಗಕ್ಕೆ ಬನ್ನಿ, ಭಯ ಕಡಿಮೆಯಾಗಲು, ನಿದ್ದೆ ಬರಲು ಏನಾದರೂ ಕೊಡುತ್ತೇವೆ, ನೋಡಿಕೊಳ್ಳುವವರಿಗೂ ದಾರಿ ಹೇಳಿಕೊಡುತ್ತೇವೆ ಎಂದರು. ಭಾವ ಕೈಮುಗಿದ. ಕೆಂಡಮ್ಮ ಮುಗಿಯಲಿಲ್ಲ, ಆದರೆ ಬಾಗಿಲಲ್ಲಿ ತಿರುಗಿ ನಿಂತು, "ಗುರುವಾರ ಎಷ್ಟು ಗಂಟೆಗೆ?" ಎಂದು ಕೇಳಿದಳು.

ಮೂವರೂ ರಸ್ತೆಗೆ ಬಂದರು. ಅಕ್ಕ ನಡುವೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಬರುವ ಹೋಗುವ ಗಾಡಿಗಳನ್ನೆಲ್ಲ ಸಂತೋಷವಾಗಿ ನೋಡುತ್ತಿದ್ದಳು. ಸೇರಿಸಿಕೊಂಡಿಲ್ಲ ಎಂದು ಅವಳಿಗೆ ಯಾರೂ ಹೇಳಲಿಲ್ಲ.

"ಅವಳು ಎಷ್ಟೊತ್ತಿಗೆ ಏಳ್ತಾಳೆ?" ಕೆಂಡಮ್ಮ ಅಕ್ಕನ ತಲೆಯ ಮೇಲಿಂದ ಭಾವನನ್ನು ಕೇಳಿದಳು.

"ಬೆಳಕು ಹರಿಯೋ ಹೊತ್ತಿಗೆ. ಯಾಕೆ?"

"ನಾಳೆಯಿಂದ ಬರ್ತೀನಿ. ದಿನಾ. ಚಿಲಕ ತೆಗೆದಿಡಿ."

"ನಿನ್ನ ಅಂಗಡಿ?"

"ಅಂಗಡಿ ಬಾಗಿಲು ತಡವಾಗಿ ತೆಗೀತೀನಿ. ಬಟ್ಟೆ ಸುಕ್ಕಾಗಿದ್ರೆ ಯಾರೂ ಸಾಯಲ್ಲ."

ಭಾವ ನೀರಿನ ಬಾಟಲಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ. "ಬಂದು ನನ್ನನ್ನ ಬೈಯೋದಾದ್ರೆ ಬೇಡ, ಮಾರಾಯ್ತಿ. ಬೆಳಬೆಳಿಗ್ಗೆ ಅವಳ ಎದುರಿಗೆ..."

"ಬೈಯದೆ ಹೇಗಿರಲಿ? ಚಳಿಗಾಲದಿಂದ ಮುಚ್ಚಿಟ್ಟಿದೀರಿ. ಒಂದು ವರ್ಷಕ್ಕಾಗುವಷ್ಟು ಬಾಕಿ ಇದೆ."

"ಅಡುಗೆಮನೇಲಿ ಬೈ, ಹಾಗಾದ್ರೆ. ಬಾಗಿಲು ಹಾಕ್ಕೊಂಡು."

"ಹ್ಞೂಂ," ಎಂದಳು ಕೆಂಡಮ್ಮ, ಮತ್ತು ಅಕ್ಕನ ತೋಳು ಹಿಡಿದು ರಸ್ತೆ ದಾಟಿಸತೊಡಗಿದಳು.