ನಿಮ್ಮ ಕಡೆ, ನನ್ನ ಕಡೆ

ಗೇರಿನಂತೆ ಕಾರು, ತಾಯಿಯಂತೆ ಮಗಳು. ಗಾದೆ ಹೀಗಲ್ಲ, ಅದು ನೂಲು ಸೀರೆಯದು ಎಂದು ತಿದ್ದಲು ಬರುವವರು ಕತೆ ಮುಗಿಯುವ ತನಕ ತಾಳಿ. ಇದು ನಡೆದದ್ದು ನಡೆದ ಹಾಗೆ, ಉಪ್ಪುಖಾರ ಹಚ್ಚಿಲ್ಲ.

ಊರವರ ಹಲ್ಲನ್ನೆಲ್ಲ ಉಳಿಸಿಕೊಟ್ಟ ಹಲ್ಲಿನ ಡಾಕ್ಟರಿಗೆ ತಮ್ಮ ಕಾರಿನ ಗೇರಿನ ಹಲ್ಲು ಉಳಿಸಿಕೊಳ್ಳಲು ಆಗಲಿಲ್ಲ. ಮದುವೆಯ ವರ್ಷ ಕೊಂಡ ಕಾರು ಅದು. ಹ್ಯಾಂಡಲ್ ಹಾಕಿ ತಿರುವಿದರೆ ಕೆಮ್ಮಿ, ಸೀನಿ, ಮನಸ್ಸು ಬಂದರೆ ಹೊರಡುತ್ತಿತ್ತು. ಅದು ಶೆಡ್ಡು ಸೇರಿದ್ದೇ ಡಾಕ್ಟರೂ ಮೂಲೆ ಸೇರಿದರು. ಗೆಳೆಯರ ಇಸ್ಪೀಟೂ ಬೇಡವಾಯಿತು. ಶೆಡ್ಡಿನಲ್ಲಿ ಸ್ಟೀರಿಂಗ್ ಹಿಡಿದು ಕೂತು ಬಂದರೆ ಅದೇ ಅವರ ತಿರುಗಾಟ. ಮಗಳಿಗೆ ಅದನ್ನು ನೋಡಲಾಗಲಿಲ್ಲ. ಅಪ್ಪ ಹೇಗಾದರೂ ಮತ್ತೆ ಬೀದಿಗೆ ಬರಲಿ ಎಂದು ಕರೆಂಟಿನ ಹೊಸ ಕಾರು ತಂದಳು.

ಡಾಕ್ಟರು ಒಂದು ಸುತ್ತು ಹಾಕಿ ನೋಡಿದರು. ಸದ್ದಿಲ್ಲ, ಹೊಗೆಯಿಲ್ಲ. ಏನನ್ನೂ ಕಾರದ ಮೇಲೆ ಇದೆಂಥ ಕಾರು ಎಂದರು. ಹಳೆಯದಕ್ಕೆ ಚರ್ಮ, ಪೆಟ್ರೋಲು, ಬಿಸಿಲು ಬೆರೆತ ವಾಸನೆಯಿತ್ತು; ಇದಕ್ಕೆ ಹೊಸ ಬಕೆಟ್ಟಿನ ವಾಸನೆ ಎಂದು ಮೂಗು ಮುರಿದರು. ಅದನ್ನೆಲ್ಲ ಸಹಿಸಿಯಾರು, ಆದರೆ ಕಾರಿನೊಳಗೆ ದಾರಿ ಹೇಳುವ ಆ ಹೆಂಗಸನ್ನು ಮಾತ್ರ ಅವರಿಂದ ಸಹಿಸಲಾಗಲಿಲ್ಲ.

“ಯಾರ ಮನೆ ಹೆಣ್ಣುಮಗಳೋ ಏನೋ. ಗುರುತಿಲ್ಲ, ಪರಿಚಯ ಇಲ್ಲ, ಎಡಕ್ಕೆ ತಿರುಗಿ ಅಂತಾಳೆ. ನಾನ್ಯಾಕೆ ತಿರುಗಲಿ?”

ಮಗಳಿಗೆ ಅರ್ಥವಾಯಿತು. ಹಳೆ ಕಾರಿನಲ್ಲಿ, ಗೊತ್ತಿದ್ದ ದಾರಿಯನ್ನೂ ಬಿಡದೆ ಹೇಳುತ್ತಿದ್ದದ್ದು ಅಮ್ಮ. ಎಡಬಲ ಅವಳ ತಲೆಗೆ ಹತ್ತಿದ್ದೇ ಇಲ್ಲ. ಹಾಗಾಗಿ ಅಪ್ಪ ಕೂತ ಬದಿ ‘ನಿಮ್ಮ ಕಡೆ’, ತಾನು ಕೂತ ಬದಿ ‘ನನ್ನ ಕಡೆ’. ಅಮ್ಮ ಈಗಿಲ್ಲ, ಆ ಸೀಟಿನ ಸ್ಪ್ರಿಂಗು ಮಾತ್ರ ಇನ್ನೂ ಅವಳ ಅಳತೆಗೇ ತಗ್ಗಿತ್ತು.

ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲೇ ಮಾತಾಡಿ ಇಡೀ ಕ್ಲಾಸಿಗೆ ರಜೆ ಕೊಟ್ಟಿದ್ದ ಹುಡುಗಿ ಇವಳು. ಇಸ್ಪೀಟಿನ ಮನೆ ತನಕ ಒಂದೇ ಸಲ ಎಂದು ಪುಸಲಾಯಿಸಿ ಅಪ್ಪನನ್ನು ಹೊರಡಿಸಿದಳು. ಕಾರಿನ ಹೆಂಗಸಿನ ಬಾಯಿ ಮೊದಲೇ ಮುಚ್ಚಿಸಿದ್ದಳು. ಅಮ್ಮನ ಬದಿಯ ಸೀಟು ಖಾಲಿ ಬಿಟ್ಟು ಹಿಂದೆ ತಗ್ಗಿ ಕೂತು, ಅಂಚೆ ಕಚೇರಿಯ ತಿರುವು ಬಂದಾಗ ಅಮ್ಮನ ದನಿ ತೆಗೆದಳು.

“ರೀ, ನಿಮ್ಮ ಕಡೆ. ನಿಧಾನ, ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ.”

ಡಾಕ್ಟರ ಕೈ ತಾನಾಗಿ ತಿರುಗಿತು. ಮುಂದಿನ ತಿರುವಿನಲ್ಲಿ “ನನ್ನ ಕಡೆ” ಎಂದಳು. ಅದಕ್ಕೂ ತಿರುಗಿತು. ಆಮೇಲೆ ಕಾರು ನಿಂತಿತು. ಡಾಕ್ಟರು ಪಕ್ಕದ ಖಾಲಿ ಸೀಟನ್ನೇ ನೋಡುತ್ತ ಕೂತರು. ತಮಾಷೆ ಹೋಗಿ ಅಮಾಸೆಯಾಯಿತು ಎಂದುಕೊಂಡ ಮಗಳು ಮುಂದಕ್ಕೆ ಬಾಗಿದಳು. ತಪ್ಪಾಯಿತು ಎಂದಳು.

“ತಪ್ಪಾಗಿದ್ರೆ ಚೆನ್ನಾಗಿತ್ತು ಕಣೇ. ದನಿ ಅವಳದೇ. ಆದ್ರೆ ನಿಮ್ಮಮ್ಮ ಒಂದಿನಾನಾದ್ರೂ ಸರಿದಾರಿ ಹೇಳಿದ್ಲಾ? ಬಾಯಲ್ಲಿ ‘ನನ್ನ ಕಡೆ’ ಅಂತಿದ್ಲು, ಕೈ ಮಾತ್ರ ನಾನು ಕೂತ ಕಡೆ ತೋರಿಸ್ತಿದ್ಲು. ಇಸ್ಪೀಟಿಗೆ ಹೊರಟೋನು ಎಷ್ಟು ಸಲ ಸ್ಮಶಾನದ ಗೇಟಲ್ಲಿ ನಿಂತಿದೀನಿ! ಎರಡು ತಿರುವೂ ಸರಿಯಾಗಿ ಹೇಳಿದ್ಯಲ್ಲ, ಅಲ್ಲೇ ಸಿಕ್ಕಿಬಿದ್ದೆ.” ಕಣ್ಣೊರೆಸಿಕೊಂಡರು. “ಮುಂದೆ ಬಂದು ಕೂತ್ಕೋ. ಸರಿಯಾಗಿ ತಪ್ಪು ಹೇಳು.”

ಮಗಳು ಮುಂದೆ ಬಂದಳು. “ರೀ, ನನ್ನ ಕಡೆ” ಎಂದು ಅಪ್ಪನ ಕಡೆಗೆ ಕೈ ಚಾಚಿದಳು.

ಡಾಕ್ಟರ ಭುಜ ಮೊದಲು ಕುಲುಕಿತು, ಆಮೇಲೆ ಹೊಟ್ಟೆ. ತಾವೇ ಕಟ್ಟಿಸಿಕೊಂಡಿದ್ದ ಹಲ್ಲಿನ ಸೆಟ್ಟು ಜಾರಿ ಅಂಗೈಗೆ ಬಿತ್ತು. ಮಗಳೂ ನಕ್ಕಳು, ಆದರೆ ಆ ಸದ್ದಿಲ್ಲದ ಕಾರಿನಿಂದ ಇಡೀ ಬೀದಿಗೆ ಕೇಳಿಸಿದ್ದು ಬೊಚ್ಚುಬಾಯಿಯ ನಗು.